ಅಲುಗಾಡದಿರುವ ಎಂಟು ನಿಮಿಷ

ರಾತ್ರಿ ಹೊತ್ತು ಫಾಲ್ಕನ್ 9 ರಾಕೆಟ್ ಏರುವುದನ್ನೂ ಅದರ ಬೂಸ್ಟರ್ (ರಾಕೆಟ್ಟಿನ ಕೆಳಗಿನ ಮೊದಲ ಹಂತ) ಮರಳಿ ನೆಲಕ್ಕಿಳಿಯುವುದನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕಾದರೆ, ಛಾಯಾಗ್ರಾಹಕನು ಮುಖ್ಯವಾಗಿ ಮಾಡಬೇಕಾದದ್ದು ಏನನ್ನೂ ಮಾಡದಿರುವುದು. ಬೆಳಕಿಗೆ ಸಂವೇದನೆ ಕಡಿಮೆಯಿರಲೆಂದು ಐಎಸ್‌ಒ 100, ಲೆನ್ಸಿನ ಕಿಂಡಿ ಕಿರಿದಾಗಿರಲೆಂದು ಅಪರ್ಚರ್ ಎಫ್/16, ಬೇಕಾದಷ್ಟು ಹೊತ್ತು ಶಟರ್ ತೆರೆದಿಡಲು ಬಲ್ಬ್ ಮೋಡ್. ಶಟರ್ ತೆರೆದ ಮೇಲೆ ಸುಮಾರು ಎಂಟು ನಿಮಿಷ ಟ್ರೈಪಾಡನ್ನು ಯಾರೂ ಸೋಕದಂತೆ ಕಾಯಬೇಕು. ಏರುವ ಬೆಂಕಿ ಸಾಗರದತ್ತ ಬಾಗಿದ ಕಮಾನಾಗುತ್ತದೆ. ಇಳಿಯುವ ಬೂಸ್ಟರ್ ಎಂಜಿನ್‌ಗಳನ್ನು ನಡುನಡುವೆ ಮಾತ್ರ ಉರಿಸುವುದರಿಂದ ತುಂಡು ಗೆರೆಗಳಾಗಿ ಮೂಡುತ್ತದೆ.

ಸುಮ್ಮನಿರುವುದು ನನಗೆ ಸಲೀಸು. ಹಾಸನದಿಂದ ಫ್ಲಾರಿಡಾಕ್ಕೆ ಬಂದಿದ್ದ ನಮ್ಮ ಮಾವನವರಿಗೆ ಅಲ್ಲ. ಇಸ್ರೋ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ 1982ರಿಂದ ತಮ್ಮೂರಿನಲ್ಲಿರುವ ಕಾರಣ ಅಂತರಿಕ್ಷದ ವ್ಯವಹಾರವೆಲ್ಲ ಮನೆಯ ವಿಷಯವೆಂದೇ ಅವರು ಭಾವಿಸಿದ್ದಾರೆ. ಜೆಟ್ಟಿ ಪಾರ್ಕಿನ ದಡದಲ್ಲಿ ಸೊಳ್ಳೆಗಳು ನಮ್ಮನ್ನೂ ಇಬ್ಬನಿ ಲೆನ್ಸನ್ನೂ ಮುತ್ತುತ್ತಿದ್ದಾಗ (ಲೆನ್ಸಿಗೆ ಬೆಚ್ಚನೆಯ ಪಟ್ಟಿ ಕಟ್ಟಿದ್ದೆ, ನಮಗೆ ಅದೂ ಇರಲಿಲ್ಲ) ರಾಕೆಟ್ ಎದ್ದಿತು. ಅದೇ ಕ್ಷಣದಲ್ಲಿ ಮಾವನವರ ಒಂದು ಚಪ್ಪಲಿ ಮರಳಿನಲ್ಲಿ ಕಾಣೆಯಾಯಿತು. ಅವರು ಮೊಬೈಲ್ ಟಾರ್ಚ್ ಹಿಡಿದು ಕ್ಯಾಮೆರಾದ ಮುಂದೆಯೇ ಹುಡುಕತೊಡಗಿದರು.

"ಮಾವ, ದಯವಿಟ್ಟು ಟಾರ್ಚ್ ಆರಿಸಿ."

"ಆಕಾಶ ನೋಡೋ ಕ್ಯಾಮೆರಾಕ್ಕೆ ನೆಲದ ಬೆಳಕು ಏನು ಮಾಡುತ್ತೆ, ಅಳಿಯಂದಿರೇ?"

ಚಪ್ಪಲಿ ಸಿಕ್ಕಿತು, ಬೂಸ್ಟರ್ ಇಳಿಯಿತು, ನಾನು ಶಟರ್ ಮುಚ್ಚಿದೆ. ಸದ್ದೇ ಇಲ್ಲದ ಆ ಇಳಿಕೆಯನ್ನು ಕಂಡು "ಇಷ್ಟೇನಾ?" ಎಂದು ಮಾವನವರು ಮುಗಿಸುವಷ್ಟರಲ್ಲಿ, ಶಬ್ದಕ್ಕಿಂತ ವೇಗವಾಗಿ ಇಳಿದ ಬೂಸ್ಟರ್ ಎಬ್ಬಿಸಿದ, ಬೆಳಕಿಗಿಂತ ತಡವಾಗಿ ಬಂದ ಸೋನಿಕ್ ಬೂಮ್ ಗುಡುಗಿತು, ಸಿಕ್ಕಿದ್ದ ಚಪ್ಪಲಿ ಮತ್ತೆ ಮರಳು ಸೇರಿತು.

ಚಿತ್ರ ಮಾತ್ರ ಕಾಣಿಸಲಿಲ್ಲ. ಸೆಕೆಯ ರಾತ್ರಿಗಳಲ್ಲಿ ಸೆನ್ಸರ್ ಬಿಸಿಯಾಗಿ ಚಿತ್ರದಲ್ಲಿ ಚುಕ್ಕಿಗಳೇಳುತ್ತವೆ. ಅವನ್ನು ಅಳಿಸಲು ಕ್ಯಾಮೆರಾ ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತಿನ ಮತ್ತೊಂದು ಕಪ್ಪು ಚಿತ್ರವನ್ನು ತೆಗೆಯುತ್ತದೆ. ಅಂದರೆ ಇನ್ನೂ ಎಂಟು ನಿಮಿಷ.

"ರಾಕೆಟ್ಟೇ ಹೋಗಿ ವಾಪಸ್ ಬಂತು, ನಿಮ್ಮ ಫೋಟೋ ಇನ್ನೂ ಬರಲಿಲ್ಲವಲ್ಲ!"

ಕೊನೆಗೆ ಬಂತು. ಮೇಲೆ ಸೊಗಸಾದ ಕಮಾನು. ಕೆಳಗೆ ಅದಕ್ಕಿಂತ ಪ್ರಕಾಶಮಾನವಾಗಿ, ಮೂರು ಸುತ್ತು ಹಾಕಿದ ಟಾರ್ಚಿನ ಗೆರೆ. ಅಳಿಸಿಬಿಡೋಣವೆಂದರೆ ಮಾವನವರು ಒಪ್ಪಲಿಲ್ಲ. "ಮೇಲಿರುವುದು ರಾಕೆಟ್, ಕೆಳಗಿರುವುದು ನಾನು" ಎಂದು ಬರೆದು ಹಾಸನದ ಬಂಧುಗಳಿಗೆಲ್ಲ ಕಳುಹಿಸಿದರು.