ಚಾಚಾನ ಮೇಜಿನ ಬೆಳಕಿಗೆ ಅಡ್ಡ ನಿಂತ ಫ್ಲೆಕ್ಸ್

ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ವಾಚ್ ರಿಪೇರಿ ಅಂಗಡಿ ಇದೆ. ಒಂದು ಮೇಜು, ಒಂದು ಸ್ಟೂಲು, ಮೇಲೊಂದು ತಗಡು, ಅಷ್ಟೇ. ಹೋದ ವಾರ ಅದರ ಮುಂದೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದಾರೆ. ಅವತ್ತಿನಿಂದ ಅಂಗಡಿಯ ಚಾಚಾ ಚಾವಿ ಕೊಡುವ ವಾಚು ಒಂದನ್ನೂ ಬಿಚ್ಚಿಲ್ಲ. ಸೆಲ್ ಹಾಕುತ್ತಾರೆ, ಬೆಲ್ಟ್ ಬದಲಿಸುತ್ತಾರೆ. ಕೇಳಿದರೆ, "ಕಾಣಂಗಿಲ್ಲ ಬೇಟಾ" ಅಂದರು.

ಆ ಮೇಜನ್ನು ಯಾವತ್ತಾದರೂ ನಿಂತು ನೋಡಿದ್ದೀರಾ? ಕೂತವರ ಎದೆಮಟ್ಟಕ್ಕೆ ಬರುತ್ತದೆ. ಮೊಳಕೈ ಎರಡೂ ಊರಿದರೇನೇ ಕೈ ನಡುಗುವುದಿಲ್ಲ. ಬೆನ್ನು ಬಗ್ಗಿಸದೆಯೂ ವಾಚು ಕಣ್ಣಿನ ಹತ್ತಿರ ಇರುತ್ತದೆ. ಸ್ಕ್ರೂ ಉರುಳಬಾರದು ಅಂತ ಅಂಚಿಗೆ ಪಟ್ಟಿ ಹೊಡೆದಿದ್ದಾರೆ. ಅದನ್ನೂ ದಾಟಿ ಬಿದ್ದರೆ ಹಿಡಿಯಲು ಮೇಜಿನ ಅಡಿಗೆ ಬಿಳಿ ಬಟ್ಟೆ ಕಟ್ಟಿ ತೊಡೆ ಮೇಲೆ ಹರಡಿಕೊಂಡಿರುತ್ತಾರೆ. ಸ್ವಿಟ್ಜರ್ಲೆಂಡಿನ ವಾಚ್ ಮೇಜುಗಳಲ್ಲಿ ಇದೇ ಕೆಲಸಕ್ಕೆ ಎಳೆದು ತೆಗೆಯುವ ಡ್ರಾಯರ್ ಇರುತ್ತದೆ.

ಫ್ಯಾನ್ ಇದೆ, ಹಾಕುವುದಿಲ್ಲ. ಗಾಳಿಗೆ ಸಣ್ಣ ಭಾಗ ಹಾರಿದರೆ ಸಿಗುವುದಿಲ್ಲ, ಧೂಳು ಬೇರೆ. ನಮ್ಮೂರಲ್ಲಿ ಮೇ ತಿಂಗಳು ಅಂದರೆ 40 ಡಿಗ್ರಿ ದಾಟುತ್ತದೆ, ಅಲ್ವಾ? ಬೆವರು ವಾಚಿಗೆ ತಾಗಿದರೆ ತುಕ್ಕು. ಅದಕ್ಕೇ ಹಣೆಗೊಂದು ಕರ್ಚೀಫು ಕಟ್ಟಿರುತ್ತಾರೆ, ಯಾವ ಭಾಗವನ್ನೂ ಬೆರಳಲ್ಲಿ ಮುಟ್ಟದೆ ಚಿಮಟದಲ್ಲೇ ಹಿಡಿಯುತ್ತಾರೆ.

ನಮ್ಮಪ್ಪನ ಎಚ್‌ಎಂಟಿ ಜನತಾ ನಿಂತಾಗ ಒಂದು ದೊಡ್ಡ ಅಂಗಡಿಯವರು "ಇದು ಆಗಲ್ಲ, ಹೊಸದು ತಗೊಳ್ಳಿ" ಅಂದಿದ್ದರು. ಚಾಚಾ ಎರಡು ಗಂಟೆ ನನ್ನೆದುರೇ ಕೂತರು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಡಬ್ಬಿ ಮುಚ್ಚಳದಲ್ಲಿಟ್ಟು, ಧೂಳು ಬೀಳದಂತೆ ಮೇಲೆ ಗಾಜಿನ ಲೋಟ ಬೋರಲು ಹಾಕಿದರು. ಪೆಟ್ರೋಲಿನಲ್ಲಿ ತೊಳೆದರು. ಸೂಜಿ ಮೊನೆಯಿಂದ ಎಣ್ಣೆ ಮುಟ್ಟಿಸಿದರು. ಆ ವಾಚಿನ ಬ್ಯಾಲೆನ್ಸ್, ಅಂದರೆ ಒಳಗೆ ಅತ್ತಿತ್ತ ತಿರುಗುವ ಚಕ್ರ, ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಬಡಿಯುತ್ತದೆ. ಎಣ್ಣೆ ಒಂಚೂರು ಜಾಸ್ತಿಯಾಗಿ ಹರಡಿದರೂ ಟೈಮ್ ತಪ್ಪುತ್ತದೆ.

ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ 2016ರಲ್ಲಿ ಮುಚ್ಚಿತು. ಅದಕ್ಕೇ ಭಾಗ ತೆಗೆಯಲು ಅಂತ ಚಾಚಾನ ಡ್ರಾಯರಿನ ತುಂಬ ಕೆಟ್ಟುಹೋದ ವಾಚುಗಳೇ ಇವೆ. ಅಪ್ಪನ ವಾಚಿನ ಒಂದು ಚಕ್ರ ಅಲ್ಲಿಂದಲೇ ಬಂತು.

ಲೈಟ್ ಹಾಕಿಕೊಳ್ಳಬಹುದಲ್ಲ ಅಂತೀರಿ. ಟೇಬಲ್ ಲ್ಯಾಂಪ್ ಇದೆ. ಆದರೆ ಪಾಲಿಶ್ ಆದ ಲೋಹದ ಮೇಲೆ ಅದರ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಕೈಯ ನೆರಳು ಕೆಲಸದ ಮೇಲೇ ಬೀಳುತ್ತದೆ. ಕರೆಂಟಿನ ಕಥೆ ನಿಮಗೆ ಗೊತ್ತು. ಅಂಗಡಿ ಉತ್ತರಕ್ಕೆ ಮುಖ ಮಾಡಿದೆ. ವರ್ಷದ ಹೆಚ್ಚು ದಿನ ಬಿಸಿಲು ನೇರ ಬರುವುದಿಲ್ಲ, ಬೆಳಿಗ್ಗೆಯಿಂದ ಸಂಜೆ ತನಕ ಹೆಚ್ಚುಕಮ್ಮಿ ಒಂದೇ ಸಮನಾದ ಬೆಳಕು. ಆ ಜಾಗವನ್ನು ಅವರು ಅದಕ್ಕೇ ಹಿಡಿದಿದ್ದು. ಸ್ವಿಟ್ಜರ್ಲೆಂಡಿನಲ್ಲಿ ಲಾ ಶೋ ದ ಫೋಂ ಅಂತ ಒಂದು ಊರಿದೆ. 1794ರಲ್ಲಿ ಬೆಂಕಿ ಬಿದ್ದ ಮೇಲೆ ಮತ್ತೆ ಕಟ್ಟಿದ್ದು. ಮುಂದೆ ಊರು ಬೆಳೆದಾಗ, ವಾಚ್ ಮಾಡುವವರ ಮೇಜಿಗೆ ಬೆಳಕು ಬೀಳಲಿ ಅಂತ ಮನೆಗಳ ಸಾಲುಗಳ ನಡುವೆ ಜಾಗ ಬಿಟ್ಟು ಬೀದಿಗಳನ್ನು ಹಾಕಿದರು. 2009ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಗೆ ಸೇರಿಸಿತು. ನಾವು ಊರು ಕಟ್ಟುವುದು ಬೇಡ. ಒಂದು ಫ್ಲೆಕ್ಸ್ ಬಿಚ್ಚಿದರೆ ಸಾಕು.

ಕಟ್ಟಿದವರಿಗೆ ಫೋನ್ ಮಾಡಿದ್ದೇನೆ. ಭಾನುವಾರ ತೆಗೆಯುತ್ತೇವೆ ಅಂದಿದ್ದಾರೆ. ತೆಗೆಯದಿದ್ದರೆ ಸೋಮವಾರ ಬೆಳಿಗ್ಗೆ 10ಕ್ಕೆ ನಾನು ಅಲ್ಲಿರುತ್ತೇನೆ. ಏಣಿ ಇದ್ದವರು ತನ್ನಿ.