ಬಚ್ಚಲಲ್ಲೊಂದು ಕಾರ್ಪೆಟ್ಟು

ಇವತ್ತೂ ನನ್ನ ಸಾಕ್ಸ್ ಒದ್ದೆ. ಅಕ್ಕನ ಮನೆಯ ಬಾತ್‌ರೂಮಿಗೆ ಭಾವ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸಿದ್ದಾರೆ. ನೋಡಲು ಒಣಗಿದಂತೆಯೇ ಇರುತ್ತದೆ. ಕಾಲಿಟ್ಟರೆ ಪಚಕ್!

ನೀರು ಸುರಿಯಲೆಂದೇ ಕಟ್ಟಿದ ಕೋಣೆಗೆ ನೀರು ಹೀರುವ ನೆಲ! ಈ ಐಡಿಯಾ ಭಾವನ ಸ್ವಂತದ್ದೇನಲ್ಲ. 1970ರ ದಶಕದಲ್ಲಿ ಬ್ರಿಟನ್ನು, ಅಮೆರಿಕದಲ್ಲಿ ಇದು ಭಾರೀ ಶೋಕಿಯಾಗಿತ್ತು. ಕಮೋಡಿನ ಮುಚ್ಚಳಕ್ಕೂ ಮೆತ್ತನೆ ಗವಸು ತೊಡಿಸುತ್ತಿದ್ದರಂತೆ. ಅವರು ಸಾಕಪ್ಪಾ ಅಂತ ಕಿತ್ತು ಬಿಸಾಡಿದ್ದನ್ನು ಭಾವ ಈಗ ಹೊಸದಾಗಿ ಹಾಕಿಸಿದ್ದಾರೆ.

ಹಾಕಿಸಿದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಾವಲೂ ಕಾಯುತ್ತಾರೆ. ನಾನು ಶವರ್ ತಿರುಗಿಸುವುದೇ ತಡ, ಬಾಗಿಲಾಚೆ ಹಾಜರು.

"ಪರದೆ ಎಳೆದ್ಯಾ?"

"ಎಳೆದೆ ಭಾವ."

"ಪೂರ್ತಿ?"

"ಪೂರ್ತಿ."

"ಒಳಗೇ ಮೈ ಒರೆಸ್ಕೋ. ತಲೆ ಕೊಡವಬೇಡ. ಅಂಗಾಲು ಒರೆಸಿದ್ಯಾ?"

ಸೋಪು ನೀರಿನಲ್ಲಿ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು ಅಂಗಾಲು ಒರೆಸಿ ಈಚೆ ಬರುವಷ್ಟರಲ್ಲಿ ಭಾವ ಅಕ್ಕನ ಹೇರ್ ಡ್ರೈಯರ್ ಹಿಡಿದು ಒಳಗೆ ನುಗ್ಗಿರುತ್ತಾರೆ. ಮೊಣಕಾಲೂರಿ ಅಂಗೈಯಗಲ ಜಾಗ ಒಣಗಿಸುವುದು, ಸವರಿ ನೋಡುವುದು, ತಲೆಯಾಡಿಸುವುದು, ಮತ್ತೆ ಒಣಗಿಸುವುದು. ಒದ್ದೆ ತಲೆಯಲ್ಲಿ ಬಾಗಿಲಿಗೊರಗಿ ನಿಂತ ಅಕ್ಕನಿಗೆ ಹೇಳುತ್ತಾರೆ: "ಸ್ವಲ್ಪ ತಡಿ, ಮೊದಲು ಇದು ಒಣಗಲಿ."

ಒಣಗುವುದು ಮೇಲಿನ ಎಳೆ ಮಾತ್ರ. ಕೆಳಗಿನ ಫೋಮು ನೀರು ಕುಡಿದು ಸುಮ್ಮನೆ ಕೂತಿರುತ್ತದೆ. ನೆಂದದ್ದು 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗದಿದ್ದರೆ ಬೂಷ್ಟು ಹಿಡಿಯಬಹುದು. ದಿನಾ ಸ್ನಾನ ಮಾಡುವವರ ಮನೆಯಲ್ಲಿ ಅದಕ್ಕೆ ಅಷ್ಟು ಪುರಸೊತ್ತು ಎಲ್ಲಿಂದ ಬರಬೇಕು?

ಇನ್ನು ಕಮೋಡ್. 2022ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ಮುಚ್ಚಳವಿಲ್ಲದ ಕಮೋಡಿನ ಮೇಲೆ ಹಸಿರು ಲೇಸರ್ ಬಿಟ್ಟು ನೋಡಿದರು. ಫ್ಲಶ್ ಮಾಡಿದ 8 ಸೆಕೆಂಡಿನಲ್ಲಿ ಸೂಕ್ಷ್ಮ ಹನಿಗಳು ಒಂದೂವರೆ ಮೀಟರ್ ಎತ್ತರಕ್ಕೆ ಹಾರಿದ್ದವು. ಹಾರಿದ್ದು ಎಲ್ಲೋ ಒಂದು ಕಡೆ ಇಳಿಯಲೇಬೇಕಲ್ಲ? ಟೈಲ್ಸಾದರೆ ಒರೆಸಬಹುದು. ಕಾರ್ಪೆಟ್ ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ. ಇದನ್ನು ಭಾವನಿಗೆ ವಿವರವಾಗಿ ಹೇಳಿದೆ. ಕಾರ್ಪೆಟ್ ಹೋಗಲಿಲ್ಲ, ಬಾಗಿಲಾಚೆಯ ಪ್ರಶ್ನೆಗಳಿಗೆ ಇನ್ನೊಂದು ಸೇರಿತು: "ಮುಚ್ಚಳ ಹಾಕಿದ್ಯಾ?"

ಬೈಯಲೂ ಮನಸ್ಸು ಬರುವುದಿಲ್ಲ. ಭಾವನ ಅಮ್ಮ ಒದ್ದೆ ಟೈಲ್ಸಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡವರು. ಆಮೇಲೆ ಗೋಡೆ ಬಿಟ್ಟು ಒಂದು ಹೆಜ್ಜೆ ಇಡಲಿಲ್ಲ. ಈಗಲೂ ಬಾತ್‌ರೂಮಿನಲ್ಲಿ ಏನಾದರೂ ದಡ್ ಅಂದರೆ ಭಾವ ಊಟ ಬಿಟ್ಟು ಓಡಿ ಬರುತ್ತಾರೆ.

ಆದರೂ, ಜಾರದ ಒರಟು ಟೈಲ್ಸ್ ಇದೆ, ಗೋಡೆಗೆ ಹಾಕಿಸುವ ಹಿಡಿಕಂಬಿ ಇದೆ, ಒಗೆದು ಹಗ್ಗದ ಮೇಲೆ ಒಣಹಾಕುವ ರಬ್ಬರ್ ತಳದ ಮ್ಯಾಟ್ ಇದೆ. ಎಲ್ಲವನ್ನೂ ಹೇಳಿಯಾಯಿತು. ನಿನ್ನೆ ಕಮೋಡಿನ ಪಕ್ಕದ ಮೂಲೆ ಅಂಟು ಬಿಟ್ಟು ಮೇಲೆದ್ದಿತ್ತು. ಎತ್ತಿ ನೋಡಿದರೆ ಅಡಿಯಲ್ಲೆಲ್ಲ ಕಪ್ಪು ಚುಕ್ಕೆ. ಭಾವನನ್ನು ಕರೆದು ತೋರಿಸಿದೆ. ಬಗ್ಗಿದರು, ಮೂಸಿದರು, ಒಂದೂ ಮಾತಾಡದೆ ಹೇರ್ ಡ್ರೈಯರ್ ತರಲು ಹೋದರು.

ಸಿಗಲಿಲ್ಲ. ಅಕ್ಕ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.