ಹತ್ತು ಸಿನಿಮಾಗಳ ಸಚಿವ ಸಂಪುಟ

'ಇದು ನನ್ನ ವೈಯಕ್ತಿಕ ಪಟ್ಟಿ ಅಷ್ಟೇ' ಅಂತ ಯಾರಾದರೂ ಶುರು ಮಾಡಿದರೆ ಚಪ್ಪಲಿ ಹಾಕಿಕೊಂಡು ಹೊರಡುವುದು ಒಳ್ಳೆಯದು. ವೈಯಕ್ತಿಕವಾದದ್ದನ್ನು ಬೀರುವಿನಲ್ಲಿ ಇಟ್ಟುಕೊಳ್ಳಬೇಕು, ಅಲ್ವಾ? ಇದನ್ನು ಮಾತ್ರ ಸ್ಟೇಟಸ್ಸಿಗೆ ಹಾಕುತ್ತಾರೆ. ನೆಂಟರ ಗ್ರೂಪಿಗೂ ಹಾಕುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೆ ಒಂದೊಂದಾಗಿ ಹೇಳುತ್ತಾರೆ. ಪಾಪ, ಅವರು ಸಾರು ಯಾವಾಗ ಬರುತ್ತೆ ಅಂತ ನೋಡುತ್ತಿರುತ್ತಾರೆ. ಎಲ್ಲ ಮುಗಿದ ಮೇಲೆ 'ನಿಮ್ಮ ಹತ್ತು ಯಾವುದು?' ಅಂತ ಒಂದು ಪ್ರಶ್ನೆ. ಉತ್ತರ ಬೇಕಾಗಿ ಯಾರೂ ಇದನ್ನು ಕೇಳಿದ್ದು ನಾನು ಕಂಡಿಲ್ಲ.

ನನಗೊಬ್ಬರು ಸಿನಿಮಾ ಸ್ನೇಹಿತರಿದ್ದಾರೆ. ಹೆಸರು ಬೇಡ, ರಾಯರು ಅಂದುಕೊಳ್ಳಿ. ಅವರ 'ಅಚ್ಚುಮೆಚ್ಚಿನ ಹತ್ತು ಕನ್ನಡ ಸಿನಿಮಾ'ಗಳಲ್ಲಿ ಮೊದಲ ಮೂರು ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ. ಮೂರಕ್ಕೂ ದೇಶದ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ ಬಂದಿದೆ. ಪಟ್ಟಿ ಮಾಡುವವರೆಲ್ಲ ಈ ಮೂರಕ್ಕೆ ಕೈಮುಗಿದೇ ಮುಂದೆ ಹೋಗುವುದು. ಮೂರೂ ನಿಜಕ್ಕೂ ದೊಡ್ಡ ಸಿನಿಮಾಗಳೇ, ಅದರ ಬಗ್ಗೆ ತಕರಾರಿಲ್ಲ. ನಾನು ಸುಮ್ನೆ ಕೇಳಿದೆ:

"ರಾಯರೇ, ಘಟಶ್ರಾದ್ಧ ಕೊನೇ ಸಲ ಯಾವಾಗ ನೋಡಿದ್ರಿ?"

"ಅದನ್ನ ಪದೇ ಪದೇ ನೋಡೋಕಾಗುತ್ತೇನ್ರೀ? ಮನಸ್ಸು ಕಲಕಿಬಿಡುತ್ತೆ."

"ಒಂದು ಸಲವಾದರೂ?"

"ದೂರದರ್ಶನದಲ್ಲಿ ಹಾಕಿದ್ರು. ಮಧ್ಯದಲ್ಲಿ ಕರೆಂಟು ಹೋಯ್ತು."

ಕರೆಂಟು ಹೋಗುವ ತನಕ ನೋಡಿದ ಸಿನಿಮಾ ಮೂರನೇ ಸ್ಥಾನದಲ್ಲಿದೆ. ಪೂರ್ತಿ ನೋಡಿದ್ದರೆ ಎರಡನೆಯದೋ ಮೊದಲನೆಯದೋ ಆಗುತ್ತಿತ್ತೇನೋ. 2024ರಲ್ಲಿ ಗಿರೀಶ್ ಕಾಸರವಳ್ಳಿಯವರ ಈ ಸಿನಿಮಾವನ್ನು ಹೊಸದಾಗಿ ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ರಾಯರು ಎಲ್ಲರಿಗೂ ಫೋನ್ ಮಾಡಿದ್ದರು. 'ನನ್ನ ಪಟ್ಟಿಯಲ್ಲಿ ಯಾವಾಗಲೋ ಇತ್ತು' ಅಂತ. ವೆನಿಸ್‌ನವರು ಇವರ ಪಟ್ಟಿ ನೋಡಿಯೇ ಎಚ್ಚೆತ್ತುಕೊಂಡ ಹಾಗಿತ್ತು ಆ ದನಿ.

ಅಡುಗೆಮನೆಯಿಂದ ಅವರ ಮನೆಯವರು ಹೇಳಿದರು: "ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಒಬ್ಬರೇ ಕೂತು ನಗ್ತಾ ಇದ್ರಲ್ಲ, ಅದು ಯಾವ ಸಿನಿಮಾ ಅಂತ ಕೇಳಿ."

ಗಣೇಶನ ಮದುವೆ. 1990ರದ್ದು, ಫಣಿ ರಾಮಚಂದ್ರ ನಿರ್ದೇಶನ, ಅನಂತ್ ನಾಗ್. ರಾಯರಿಗೆ ಅದು ಎಷ್ಟು ಬಾಯಿಪಾಠ ಅಂದರೆ ಅನಂತ್ ನಾಗ್‌ಗಿಂತ ಮೊದಲೇ ಇವರು ಡೈಲಾಗು ಹೇಳಿ ಮುಗಿಸಿರುತ್ತಾರೆ. ನನ್ನ ಪಟ್ಟಿಯಲ್ಲಿ ಅದು ನಾಲ್ಕನೆಯದು. ಅದನ್ನು ನೋಡಿ ರಾಯರು ನನ್ನನ್ನೇ ಮರುಕದಿಂದ ನೋಡಿದ್ದರು. ಈಗ ಸಿಕ್ಕಿಬಿದ್ದರು ಅಂದುಕೊಂಡೆ. ಅವರು ಒಂಚೂರೂ ಅಲುಗಾಡಲಿಲ್ಲ. "ಅದು ಇಷ್ಟ ಕಣ್ರೀ. ಪಟ್ಟಿ ಬೇರೆ" ಅಂದರು.

ಆಮೇಲೆ ಅವರ ಪಟ್ಟಿಯನ್ನು ಮತ್ತೆ ಓದಿದೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನಮ್ಮ ಮಂತ್ರಿಮಂಡಲ! ರಾಜ್ಯದಲ್ಲಾದರೆ ಮುಖ್ಯಮಂತ್ರಿ ಸೇರಿ 34 ಮಂದಿಗೆ ಜಾಗವಿದೆ. ಇಲ್ಲಿ ಹತ್ತೇ ಕುರ್ಚಿ, ಬಣಗಳು ಮಾತ್ರ ಅಷ್ಟೇ ಇವೆ. ರಾಜ್‌ಕುಮಾರ್ ಅವರದೊಂದು ಇರಲೇಬೇಕು. ಬಂಗಾರದ ಮನುಷ್ಯ ಬಂತು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ಸಿನಿಮಾ, ಅದಕ್ಕಿಂತ ದೊಡ್ಡ ಬಹುಮತ ಯಾವುದಿದೆ? ಆದರೆ ಅದೇ 1972ರಲ್ಲಿ ನಾಗರಹಾವು ಕೂಡ ಬಂದಿದೆ. ಅದನ್ನು ಬಿಟ್ಟರೆ ವಿಷ್ಣು ಅಭಿಮಾನಿಗಳಿಗೆ ಉತ್ತರ ಹೇಳುವವರು ಯಾರು? ಇಲ್ಲಿ ರಾಯರ ಚಾಣಾಕ್ಷತನ ನೋಡಿ. ನಾಗರಹಾವಿಗೆ ಒಂದು ಕುರ್ಚಿ ಕೊಟ್ಟರೆ ಪುಟ್ಟಣ್ಣ ಕಣಗಾಲ್ ಆದರು, ವಿಷ್ಣುವರ್ಧನ್ ಆದರು, ಜಲೀಲನಾಗಿ ಮೊದಲ ಸಲ ತೆರೆಗೆ ಬಂದ ಅಂಬರೀಷ್ ಕೂಡ ಆದರು. ಒಂದೇ ಕುರ್ಚಿ, ಮೂರು ಖಾತೆ. 'ಒಂದಾನೊಂದು ಕಾಲದಲ್ಲಿ' ಸಿನಿಮಾ ಹಾಕಿ ಗಿರೀಶ್ ಕಾರ್ನಾಡರನ್ನೂ ಶಂಕರ್ ನಾಗ್ ಅವರನ್ನೂ ಒಟ್ಟಿಗೇ ಸಮಾಧಾನ ಮಾಡಿದರು. ಆಟೋ ಸ್ಟ್ಯಾಂಡಿನವರು ಆಟೋ ರಾಜ ಕೇಳಿದರೆ 'ಮುಂದಿನ ವಿಸ್ತರಣೆಯಲ್ಲಿ ನೋಡೋಣ' ಅನ್ನುತ್ತಾರಂತೆ.

ಉತ್ತರ ಕರ್ನಾಟಕಕ್ಕೆ ಅನ್ಯಾಯ ಆಗಬಾರದು ಅಂತ ಸಂತ ಶಿಶುನಾಳ ಶರೀಫ. ಯುವಕರ ಖಾತೆಗೆ ತಿಥಿ. ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ ಆ ಸಿನಿಮಾ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊದಲ್ಲಿ ಬಹುಮಾನ ಪಡೆದಿತ್ತು. ವಿದೇಶದಲ್ಲಿ ಸೈ ಅನ್ನಿಸಿಕೊಂಡು ಬಂದವರಿಗೆ ರಾಯರು ಕಾಯಿಸುವುದಿಲ್ಲ. ಮುಂಗಾರು ಮಳೆ 2006ರಿಂದ ಕಾಯುತ್ತಲೇ ಇದೆ, ಇನ್ನೂ ಸೀನಿಯಾರಿಟಿ ಸಾಲದಂತೆ. "ಹೆಂಗಸರು ನಿರ್ದೇಶನ ಮಾಡಿದ್ದು ಒಂದೂ ಇಲ್ವಾ?" ಅಂತ ಅಡುಗೆಮನೆ ಮತ್ತೆ ಕೇಳಿತು. ರಾಯರು ಆ ಕ್ಷಣವೇ ಪೆನ್ನು ತೆಗೆದು ಪ್ರೇಮಾ ಕಾರಂತರ ಫಣಿಯಮ್ಮ ಸೇರಿಸಿದರು. ಅಷ್ಟು ಒಳ್ಳೆಯ ಸಿನಿಮಾ ಕೋಟಾದಲ್ಲಿ ಒಳಗೆ ಬರಬೇಕಾಯಿತಲ್ಲ ಅಂತ ನನಗೆ ಬೇಜಾರಾಯಿತು.

ಜಾಗ ಸಿಗದವರ ಗತಿ? ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ 'ಗೌರವ ಉಲ್ಲೇಖ' ಅಂತ ಇರುತ್ತದಲ್ಲ, ಅದು ನಿಗಮ ಮಂಡಳಿ. ಭೂತಯ್ಯನ ಮಗ ಅಯ್ಯು, ಪರಸಂಗದ ಗೆಂಡೆತಿಮ್ಮ, ಶರಪಂಜರ ಎಲ್ಲ ಅಲ್ಲಿದ್ದಾರೆ. ಗೂಟದ ಕಾರು ಉಂಟು, ಕೆಲಸವಿಲ್ಲ.

ಹೊರದೇಶದವರಾದರೂ ಸುಧಾರಿಸಿದ್ದಾರಾ ಅಂದರೆ ಅದೂ ಇಲ್ಲ. ಬ್ರಿಟನ್ನಿನ ಸೈಟ್ ಆ್ಯಂಡ್ ಸೌಂಡ್ ಪತ್ರಿಕೆ 1952ರಿಂದ ವಿಮರ್ಶಕರ ಮತ ಪಡೆದು ಪಟ್ಟಿ ಮಾಡುತ್ತಿದೆ. ಪುಣ್ಯಕ್ಕೆ ಹತ್ತು ವರ್ಷಕ್ಕೊಂದೇ ಸಲ. 1962ರಲ್ಲಿ ಸಿಟಿಜನ್ ಕೇನ್ ಮೊದಲ ಸ್ಥಾನದಲ್ಲಿ ಕೂತಿತು. 2012ರವರೆಗೆ ಏಳಲಿಲ್ಲ. ಐವತ್ತು ವರ್ಷ ಒಂದೇ ಕ್ಷೇತ್ರ! ಅದನ್ನು ಇಳಿಸಿದ್ದು ಹಿಚ್‌ಕಾಕ್‌ನ ವರ್ಟಿಗೊ. 2022ರಲ್ಲಿ 1,600ಕ್ಕೂ ಹೆಚ್ಚು ಜನ ಮತ ಹಾಕಿ ಶಾಂತಾಲ್ ಅಕರ್‌ಮಾನ್‌ರ ಜೀನ್ ಡೀಲ್‌ಮನ್ ಅನ್ನು ಗೆಲ್ಲಿಸಿದರು. ಬ್ರಸೆಲ್ಸ್‌ನ ಒಬ್ಬ ವಿಧವೆ ಮನೆಗೆಲಸ ಮಾಡುವುದನ್ನು, ಆಲೂಗಡ್ಡೆ ಸುಲಿಯುವುದನ್ನು 3 ಗಂಟೆ 21 ನಿಮಿಷ ತೋರಿಸುವ ಸಿನಿಮಾ ಅದು. ರಾಯರು ಕೆಂಡವಾದರು. "ಆಲೂಗಡ್ಡೆ ಸುಲಿಯೋದನ್ನ ನೋಡೋಕೆ ಥಿಯೇಟರಿಗೆ ಹೋಗಬೇಕಾ?" ಅಡುಗೆಮನೆ ಈ ಸಲ ಏನೂ ಹೇಳಲಿಲ್ಲ. ಪಾತ್ರೆಯ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಅದೇ ವರ್ಷ ಸಿನಿಮಾ ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟ ಫಿಪ್ರೆಸ್ಕಿಯ ಭಾರತದ ಘಟಕವೂ ಹತ್ತು ಭಾರತೀಯ ಸಿನಿಮಾ ಆರಿಸಿತ್ತು. ಪಥೇರ್ ಪಾಂಚಾಲಿ ಮೊದಲನೆಯದು, ಘಟಶ್ರಾದ್ಧ ಐದನೆಯದು. ಇಡೀ ದೇಶದಲ್ಲಿ ಐದನೆಯದು ಅಂದರೆ ಸಂಭ್ರಮ ಪಡಬೇಕು, ಅಲ್ವಾ? "ಐದೇನಾ? ಕನ್ನಡಕ್ಕೆ ಯಾವಾಗಲೂ ಇದೇ ಕಥೆ" ಅಂದರು, ಅರ್ಧ ನೋಡಿದವರು.

ಇಷ್ಟೆಲ್ಲ ಆದರೂ ಹತ್ತನೇ ಕುರ್ಚಿ ಖಾಲಿ ಉಳಿದಿತ್ತು. ನಾನು ಗಣೇಶನ ಮದುವೆ ಅಂದೆ. ಅವರು ವಂಶವೃಕ್ಷ ಅಂದರು. ಅವರ ಅಳಿಯ ಫೋನಿನಲ್ಲೇ ಕೆಜಿಎಫ್ ಅಂದ. ಕಾಂತಾರ ಬಿಟ್ಟರೆ ಕರಾವಳಿಯವರ ಮುಖ ನೋಡೋಕಾಗಲ್ಲ ಅಂತ ಮಹಡಿ ಮೇಲಿನ ಬಾಡಿಗೆಯವರು ಇಳಿದು ಬಂದರು. ಕಾಫಿ ಎರಡು ಸುತ್ತು ಆಯಿತು. ಯಾರೂ ಬಗ್ಗಲಿಲ್ಲ. ಇಷ್ಟು ಹೊತ್ತಿಗೆ ಯಾವುದಾದರೂ ಒಂದು ಸಿನಿಮಾ ಪೂರ್ತಿ ನೋಡಿ ಮುಗಿಸಬಹುದಿತ್ತು, ಇಂಟರ್‌ವಲ್ ಸೇರಿ.

ಕೊನೆಗೆ ರಾಯರೇ ದಾರಿ ಕಂಡುಕೊಂಡರು. "ಸತಿ ಸುಲೋಚನಾ" ಅಂದರು. 1934ರ ಮೊದಲ ಕನ್ನಡ ಟಾಕಿ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತ್, ತ್ರಿಪುರಾಂಬ ಸುಲೋಚನಾ. ಅದರ ಪ್ರಿಂಟು ಇವತ್ತು ಒಂದೂ ಉಳಿದಿಲ್ಲ.

"ರಾಯರೇ, ಅದನ್ನ ನೀವು ನೋಡಿಲ್ಲ."

"ನೀವು ನೋಡಿದ್ದೀರಾ?"

"ಇಲ್ಲ."

"ಇವರು ನೋಡಿದ್ದಾರಾ?" ಅಂತ ಬಾಡಿಗೆಯವರ ಕಡೆ ತಿರುಗಿದರು. ಅವರೂ ಇಲ್ಲ ಅಂದರು. ಅಳಿಯನೂ ಇಲ್ಲ ಅಂದ.

"ಹಾಗಾದ್ರೆ ಆಕ್ಷೇಪ ಯಾರದ್ದೂ ಇಲ್ಲ. ಅದನ್ನ ಹತ್ತಕ್ಕೆ ಹಾಕೋದು ಅವಮಾನ, ಮೊದಲನೇದಾಗಿ ಹಾಕಿ" ಅಂದರು. ಎಲ್ಲರೂ ಒಪ್ಪಿದೆವು. ನಾನು ಬರೆದುಕೊಳ್ಳುತ್ತಿದ್ದೆ. ರಾಯರು ಬಗ್ಗಿ ನೋಡಿ ಇನ್ನೊಂದು ಮಾತು ಸೇರಿಸಿದರು: "ಪಕ್ಕದಲ್ಲಿ, ಛಾಯಾಗ್ರಹಣ ಅದ್ಭುತ ಅಂತ ಬರೀರಿ."